ಗೇಣುದ್ದದ ಹಾಸು

ಹೋಟೆಲಿನ ಗಾಜಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಎದುರಿಗೇ ನಮ್ಮ ಮನೆಯ ಮಗ್ಗ ನಿಂತಿತ್ತು. ನಮ್ಮದೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಎಡಗಡೆಯ ಕಂಬದಲ್ಲಿ ಅಪ್ಪ ಬೀಡಿ ಒರಗಿಸಿಟ್ಟು ಸುಟ್ಟ ಕಲೆ ಹಾಗೇ ಇತ್ತು. ಆಯುಧಪೂಜೆಯ ಕುಂಕುಮ ವರ್ಷ ವರ್ಷ ಕೂತು ಕಪ್ಪಾದ ಜಾಗವೂ ಇತ್ತು. ಸುತ್ತ ಕೆಂಪು ಹಗ್ಗ ಕಟ್ಟಿ, ಮುಟ್ಟಬಾರದೆಂದು ಹಲಗೆ ತೂಗುಹಾಕಿದ್ದರು. ನಾನು ಹಗ್ಗದ ಮೇಲೆ ಬಗ್ಗಿ ಮೂಗು ಚಾಚಿದೆ. ಫಿನಾಯಿಲ್ ವಾಸನೆಯ ಅಡಿಯಲ್ಲಿ ಎಲ್ಲೋ ನೂಲಿಗೆ ಹಾಕಿದ ಹಳೆಯ ಗಂಜಿಯ ಹುಳಿ ವಾಸನೆ ಇನ್ನೂ ಉಳಿದಿತ್ತು...

ತಮ್ಮನ ಮಗಳ ನಿಶ್ಚಯಕ್ಕೆಂದು ನರಗುಂದದಿಂದ ತವರಿಗೆ ಬಂದಿದ್ದೆ. ಮೇಲಿನ ಹಾಲಿನಲ್ಲಿ ಕಾರ್ಯ. ಬೀಗರು ಆಗಲೇ ಬಂದಿದ್ದರು, ಮೇಲಿನಿಂದ ಯಾರೋ ನನ್ನನ್ನು ಕೂಗುತ್ತಿದ್ದರು. ನಾನು ಮಾತ್ರ ಆ ಹಗ್ಗದ ಹತ್ತಿರವೇ ನಿಂತೆ. ಆ ಮಗ್ಗ ನೋಡಿದರೆ ನನಗೆ ಅಪ್ಪ ನೆನಪಾಗಬೇಕಿತ್ತು, ನೇಯುತ್ತಿದ್ದವನು ಅವನು. ನೆನಪಾದದ್ದು ಅತ್ತಿ.

ಅತ್ತಿ ಎಂದರೆ ಸ್ವಂತ ಸೋದರತ್ತೆಯಲ್ಲ. ನಮ್ಮ ಮನೆಯ ಪಡಸಾಲೆಗೆ ಹತ್ತಿದ ಒಂದು ಕೋಣೆಯಲ್ಲಿ ಇದ್ದವಳು. ಅಪ್ಪನಿಗೆ ಅಣ್ಣಾ ಅನ್ನುತ್ತಿದ್ದಳು, ಹಾಗಾಗಿ ನಮಗೆ ಅತ್ತಿ. ತವರು ರೋಣದ ಕಡೆಯ ಸವಡಿ. ಗಂಡ ತೀರಿದ ಮೇಲೆ ಅಲ್ಲಿಗೆ ಹೋಗದೆ ಗಜೇಂದ್ರಗಡದ ನಮ್ಮ ಓಣಿಯಲ್ಲೇ ಉಳಿದಳು. ಎತ್ತರದ ಒಣಕಲು ಹೆಂಗಸು. ಮಾತಿಗೆ ನಿಂತರೆ ಎದುರಿಗಿದ್ದವರು ನಗಬೇಕು, ಇಲ್ಲ ಸಿಟ್ಟಾಗಬೇಕು, ಸುಮ್ಮನೆ ಮಾತ್ರ ಹೋಗುವಂತಿರಲಿಲ್ಲ. ಸೊಂಟದಲ್ಲಿ ಸಣ್ಣದೊಂದು ಅರಿವೆಯ ಗಂಟು ಸದಾ ಇರುತ್ತಿತ್ತು. ಅದರಲ್ಲಿ ದುಡ್ಡಿದೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಇದ್ದದ್ದು ಒಲೆಯ ಬೂದಿ.

ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ನಮ್ಮ ಕಡೆಯ ಕುಣಿಮಗ್ಗದಲ್ಲಿ ಒಂದು ಕಟ್ಟಳೆ ಇತ್ತು. ಸೀರೆಯ ಉದ್ದಕ್ಕೆ ಹಾಯುವ ಎಳೆಗಳನ್ನೆಲ್ಲ ಸೇರಿಸಿ ಹಾಸು ಅನ್ನುತ್ತಾರೆ, ಅದರ ನಡುವೆ ಲಾಳಿ ಒಗೆದು ಅಡ್ಡ ನೂಲು ಹಾಯಿಸುತ್ತಾರೆ. ನೇಯ್ದು ನೇಯ್ದು ಹಾಸು ಮುಗಿಯುತ್ತ ಬಂದಾಗ ಪೂರಾ ಎಳೆದು ತೆಗೆಯುವಂತಿಲ್ಲ. ಬಾಚಣಿಗೆಯಂತಹ ಹಣಿಗೆಯ ಹಿಂದೆ ಗೇಣುದ್ದ ಎಳೆಗಳನ್ನು ಹಾಗೇ ಬಿಡಬೇಕು. ಹೊಸ ಹಾಸಿನ ಒಂದೊಂದೇ ಎಳೆಯನ್ನು ಆ ಹಳೆಯ ಒಂದೊಂದು ಎಳೆಗೆ ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಅನ್ನುತ್ತಾರೆ. ಗಂಟು ಹಾಕುವಂತಿಲ್ಲ, ಗಂಟು ಹಣಿಗೆಯಲ್ಲಿ ಸಿಗುತ್ತದೆ. ಬೆರಳಿಗೆ ಬೂದಿ ಹಚ್ಚಿಕೊಂಡು ಎರಡು ತುದಿಗಳನ್ನು ಹೊಸೆದು ಒಂದು ಮಾಡಬೇಕು. ಅತ್ತಿಯ ಕಸುಬು ಅದೇ. ಸಾವಿರಗಟ್ಟಲೆ ಎಳೆಗಳ ಮುಂದೆ ಕಾಲು ಚಾಚಿ ಕೂತು, ಬಾಯಲ್ಲಿ ತಂಬಾಕು ಇಟ್ಟುಕೊಂಡು, ಓಣಿಯ ಎಲ್ಲರ ಮನೆಯ ಸುದ್ದಿ ಹೇಳುತ್ತ ಕೆಚ್ಚುತ್ತಿದ್ದಳು. ಕಣ್ಣು ಎಳೆಯ ಮೇಲೆ ಇರುತ್ತಿರಲಿಲ್ಲ, ನಮ್ಮ ಮುಖದ ಮೇಲೆ ಇರುತ್ತಿತ್ತು.

"ಏ ಹುಡುಗಿ, ಕಂಡಿಕಿಗೆ ನೂಲು ಸುತ್ತೂದು ಬಿಟ್ಟು ನನ್ನ ಮಾರಿ ಏನ್ ನೋಡ್ತಿ ಬೇ? ನನ್ನ ಮಾರ್‍ಯಾಗ ಸೀರಿ ನೇದಾರೇನು?" ಅನ್ನುತ್ತಿದ್ದಳು.

ಅವಳ ಹೆಬ್ಬೆರಳು, ತೋರುಬೆರಳು ಎಷ್ಟು ತೊಳೆದರೂ ಬೂದುಬಣ್ಣವೇ. ಅವ್ವ ಅವಳಿಗೆ ರೊಟ್ಟಿ ಕೊಡುವಾಗ, "ಬೂದಿ ಹಚಗೊಂಡ ತಿಂತೀಯಲ್ಲ, ರುಚಿ ಹತ್ತತೈತೇನು?" ಎಂದು ಕೇಳಿದರೆ, "ವೈನಿ, ನಿಮ್ಮ ಪಲ್ಲೆಕ್ಕ ಉಪ್ಪು ಕಮ್ಮಿ ಇರ್ತೈತಿ, ಅದಕ್ಕ ನಡೀತೈತಿ" ಅನ್ನುವಳು.

ಆಗ ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳ ನಿಂತರೆ ಯಾರದೋ ಮನೆಯಲ್ಲಿ ಸಾವು ಎಂದು ತಿಳಿಯಬೇಕಾಗಿತ್ತು. ನೇಯುತ್ತಿದ್ದದ್ದು ಪಟ್ಟೇದಂಚಿನ ಸೀರೆ. ಒಳಗು ಹೊರಗು ಎಂಬ ಭೇದವಿಲ್ಲ, ಹೇಗೆ ಉಟ್ಟರೂ ಒಂದೇ. ಹೊಲದ ಕೆಲಸದ ಹೆಂಗಸರು ಉಡುತ್ತಿದ್ದರು, ದೇವಿಗೆ ಏರಿಸಲು ಒಯ್ಯುತ್ತಿದ್ದರು. ಆಮೇಲೆ ಹಗುರವಾದ, ಹೂವಿನ ಚಿತ್ತಾರದ ಮಿಲ್ಲಿನ ಸೀರೆ ಬಂದವು. ಹೊಲದ ಹೆಂಗಸರು ಅವನ್ನೇ ಕೊಂಡರು. ಒಗೆದರೆ ಲಗೂ ಒಣಗುವ ಸೀರೆ ಬಿಟ್ಟು, ನೆನೆದರೆ ಕಲ್ಲಿನಷ್ಟು ಭಾರವಾಗುವ ನಮ್ಮ ಸೀರೆಯನ್ನು ಯಾರಾದರೂ ಯಾಕೆ ಉಡಬೇಕು? ನಾನೂ ಕಾಲೇಜಿಗೆ ಒಂದು ದಿನವೂ ಅದನ್ನು ಉಡಲಿಲ್ಲ.

ಊರು ಮಾತ್ರ ಬೆಳೆಯಿತು. ಸುಳ್ಳು ಹೇಳಬಾರದು, ಚಲೋ ಬೆಳೆಯಿತು. ಗುಡ್ಡದ ಮೇಲೆ ಗಾಳಿಯಂತ್ರಗಳು ಬಂದವು. ಅವುಗಳ ಒಂದೊಂದು ರೆಕ್ಕೆಯನ್ನು ಹೊತ್ತ ಉದ್ದನೆಯ ಗಾಡಿ ಊರೊಳಗೆ ತಿರುಗಲಾರದೆ ನಿಂತಾಗ ಓಣಿಗೆ ಓಣಿಯೇ ನೋಡಲು ಹೋಗಿತ್ತು. ಅತ್ತಿಯೂ ಬಂದಿದ್ದಳು, ಸೊಂಟಕ್ಕೆ ಕೈಯಿಟ್ಟು ಬಹಳ ಹೊತ್ತು ನೋಡಿದಳು. "ಇಷ್ಟ್ ದೊಡ್ಡ ಲಾಳಿ ಯಾಂವ ಒಗ್ಯಾಂವಪಾ!" ಅಂದಳು. ಎಂಜಿನಿಯರುಗಳು ಬಂದರು, ಲಾಡ್ಜು ತುಂಬಿದವು, ಖಾನಾವಳಿಯವರಿಗೆ ರೊಟ್ಟಿ ಬಡಿಯಲು ಹೆಂಗಸರು ಸಿಗದಂತಾಯಿತು. ಯಂತ್ರಗಳನ್ನು ನೆಟ್ಟು ಮುಗಿದ ಮೇಲೆ ಎಂಜಿನಿಯರುಗಳು ಹೋದರು. ಯಂತ್ರಗಳು ತಿರುಗುತ್ತ ಉಳಿದವು.

ಅದಾದ ಮೇಲೆ ಸರ್ಕಾರದ ಹೊಸ ಮಗ್ಗದ ಯೋಜನೆ ಬಂತು. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಮೊಣಕಾಲು ಹಾಳಾಗುತ್ತದೆ, ನೆಲದ ಮೇಲೆ ನಿಲ್ಲುವ ಮಗ್ಗ ಕೊಡುತ್ತೇವೆ ಎಂದರು. ಅದು ತಪ್ಪು ಮಾತೇನೂ ಆಗಿರಲಿಲ್ಲ, ಅಪ್ಪನ ಮೊಣಕಾಲು ಆಗಲೇ ಹಾಳಾಗಿದ್ದವು. ಹಳೆಯ ಕುಣಿ ಮುಚ್ಚಿದ್ದನ್ನು ತೋರಿಸಿದರೆ ಹೊಸದು ಬರುತ್ತಿತ್ತು. ನಮ್ಮ ಮನೆಯಲ್ಲಿದ್ದ ಎರಡು ಮಗ್ಗಗಳಲ್ಲಿ ಒಂದರ ಕುಣಿ ಮುಚ್ಚಿದರು. ಹೊಸ ಮಗ್ಗವೇನೋ ಬಂತು, ಅದಕ್ಕೆ ತಕ್ಕ ನೂಲು ಸರಿಯಾಗಿ ಬರಲಿಲ್ಲ. ಅದರ ಮೇಲೆ ಅವ್ವ ಹಾಸಿಗೆ ಒಟ್ಟತೊಡಗಿದಳು.

ಓಣಿಯಲ್ಲಿ ಯಾರೇ ಕುಣಿ ಮುಚ್ಚಲಿ, ಅತ್ತಿ ಅಲ್ಲಿ ಹಾಜರು. ಜಗಳ ಮಾಡುತ್ತಿರಲಿಲ್ಲ. ಒಂದೇ ಮಾತು: "ಮುಚ್ಚೂದಾದ್ರ ಮುಚ್ರಿ, ನಾ ಏನ್ ಬ್ಯಾಡ ಅನ್ನೂದಿಲ್ಲ. ಆದ್ರ ಹಾಸು ಪೂರಾ ಎಳದು ಒಗಿಬ್ಯಾಡ್ರಿ. ಗೇಣುದ್ದ ಬಿಡ್ರಿ."

"ಯಾಕ ಬೇಕು ಅತ್ತಿ, ಮತ್ತೆಲ್ಲಿ ನೇಯೂದೈತಿ?"

"ನಾಳೆ ಬೇಕಂದ್ರ ನಾ ಕೆಚ್ಚೂದು ಯಾತಕ್ಕ? ನಿನ್ನ ಜುಟ್ಟಿಗೇನು?"

ಹೀಗೆ ಬೈದು, ಹಣಿಗೆಯನ್ನು ಅದರೊಳಗಿನ ಗೇಣುದ್ದ ಎಳೆಗಳ ಸಮೇತ ತಾನೇ ಬಿಡಿಸಿ, ಹಳೆಯ ಅರಿವೆಯಲ್ಲಿ ಸುತ್ತಿ, ಆ ಮನೆಯ ತೊಲೆಗೆ ಕಟ್ಟಿ ಬರುತ್ತಿದ್ದಳು. ಓಣಿಯ ಮನೆಮನೆಯಲ್ಲೂ ಅಂತಹ ಒಂದೊಂದು ಗಂಟು ತೂಗಾಡುತ್ತಿತ್ತು. ಮಕ್ಕಳು ಅದರಲ್ಲಿ ದೆವ್ವ ಇದೆ ಎಂದು ಹೆದರುತ್ತಿದ್ದವು. ಒಂದು ಮನೆಯಲ್ಲಿ ಸೊಸೆ ನೀರೊಲೆಗೆ ಹಾಕಿದಳೆಂದು ಗೊತ್ತಾದಾಗ ಅತ್ತಿ ಆ ಮನೆಯ ಮುಂದೆ ಹಾಯುವುದನ್ನೇ ಬಿಟ್ಟಳು. ಓಣಿಯಲ್ಲಿ ಮಗ್ಗ ಇದ್ದರೆ ಅವಳಿಗೆ ಕೂಲಿ, ಇಲ್ಲದಿದ್ದರೆ ಇಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಕೂಲಿಗಾಗಿ ಮಾತ್ರ ಹೀಗೆ ಮಾಡುತ್ತಿದ್ದಳು ಎಂದು ನನಗೆ ಆಗಲೂ ಅನ್ನಿಸಿರಲಿಲ್ಲ. ತಾನು ಕೂಡಿಸಿದ್ದು ಹರಿಯಬಾರದು, ಅಷ್ಟೇ ಅವಳ ಹಟ.

ಗಾರ್ಮೆಂಟ್ ಫ್ಯಾಕ್ಟರಿ ಶುರುವಾದಾಗ ಓಣಿಯ ಹೆಂಗಸರೆಲ್ಲ ವ್ಯಾನ್ ಹತ್ತಿದರು. ನನ್ನ ದೊಡ್ಡಪ್ಪನ ಸೊಸೆ ಮೊದಲನೆಯವಳು. ಸಂಬಳ ಅವಳ ಕೈಗೇ ಬರತೊಡಗಿದ ಮೇಲೆ ಮನೆಯಲ್ಲಿ ಅವಳ ಮಾತಿಗೆ ಬೆಲೆ ಬಂತು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಗ್ಗದ ಮನೆಯಲ್ಲಿ ಹೆಂಗಸು ಎಷ್ಟು ದುಡಿದರೂ ಅದು ಗಂಡಸಿನ ನೇಯ್ಗೆಯಲ್ಲೇ ಸೇರಿಹೋಗುತ್ತಿತ್ತು. ಕೆಲಸವಿಲ್ಲದೆ ಕೂತಿದ್ದ ಅತ್ತಿಯನ್ನೂ ಅವಳೇ ಕರೆದುಕೊಂಡು ಹೋದಳು. ನೂಲಿನ ಕೆಲಸ ಬಲ್ಲವಳು ಎಂದು ಹೇಳಿ ಸೇರಿಸಿದಳು.

ಅಲ್ಲಿ ಕೊಟ್ಟ ಕೆಲಸ ದಾರ ಕತ್ತರಿಸುವುದು. ಹೊಲಿದ ಅಂಗಿಗಳ ಅಂಚಿನಲ್ಲಿ ಬಿಡಿ ಎಳೆಗಳು ಉಳಿದಿರುತ್ತವೆ, ಅವನ್ನು ಸಣ್ಣ ಕತ್ತರಿಯಿಂದ ತೆಗೆಯಬೇಕು. ಅತ್ತಿಯ ಮುಂದೆ ಬಿಳಿ ಅಂಗಿಗಳ ರಾಶಿ ಹಾಕಿ ಹೋದರು. ಅವಳು ಕತ್ತರಿಯನ್ನು ಪಕ್ಕಕ್ಕಿಟ್ಟು, ಸೊಂಟದ ಗಂಟು ಬಿಚ್ಚಿ, ಬೆರಳಿಗೆ ಬೂದಿ ಹಚ್ಚಿಕೊಂಡು, ಕಂಡ ಕಂಡ ಎಳೆಯನ್ನೆಲ್ಲ ಹೊಸೆದು ಪಕ್ಕದ ಹೊಲಿಗೆಯೊಳಗೆ ಸೇರಿಸುತ್ತ ಕೂತಳು. ಯಾರಾದರೂ ನೋಡುವಷ್ಟರಲ್ಲಿ ಪರದೇಶಕ್ಕೆ ಹೋಗಬೇಕಾದ ಅಂಗಿಗಳ ಕಾಲರಿನ ಮೇಲೆಲ್ಲ ಬೂದಿಯ ಬೆರಳಚ್ಚು ಬಿದ್ದಿತ್ತು. ಮೇಲ್ವಿಚಾರಣೆಯ ಹುಡುಗಿ ಅಳುವುದೊಂದು ಬಾಕಿ. ಪಾಪ, ಅವಳ ಮೇಲೂ ಒಬ್ಬರು ಇರುತ್ತಾರಲ್ಲ.

ಆ ಸಂಜೆ ಅತ್ತಿ ನಮ್ಮ ಕಟ್ಟೆಯ ಮೇಲೆ ಕೂತು ಇದನ್ನು ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳೂ ನಕ್ಕಳು. ನಗು ನಿಂತ ಮೇಲೆ ಕೈ ತಿರುಗಿಸಿ ನೋಡಿಕೊಳ್ಳುತ್ತ ಅಂದಳು:

"ಎಳಿ ಕಂಡ್ರ ಕಡಿ ಅಂತಾರ ಬೇ. ತಿಳೀತೈತಿ ನಂಗ, ತಿಳೀದಂಗೇನಿಲ್ಲ. ಕೈ ಬರವಲ್ದು."

ಮತ್ತೆ ವ್ಯಾನ್ ಹತ್ತಲಿಲ್ಲ.

ಓಣಿಯಲ್ಲಿ ಕೊನೆಗೆ ಉಳಿದದ್ದು ನಮ್ಮ ಮನೆಯ ಒಂದು ಕುಣಿಮಗ್ಗ. ನನ್ನ ಮದುವೆಯಾಗಿ, ನಾನು ಚಿಕ್ಕನರಗುಂದದ ಸಾಲೆಯಲ್ಲಿ ಟೀಚರಾಗಿ ಸೇರಿ ಕೆಲ ವರ್ಷಗಳಾದ ಮೇಲೆ ಅಪ್ಪ ಅದನ್ನೂ ನಿಲ್ಲಿಸಿದ. ಮೊಣಕಾಲು ಕೇಳುತ್ತಿರಲಿಲ್ಲ, ತಮ್ಮನಿಗೆ ಮೊಬೈಲ್ ಅಂಗಡಿಗೆ ಪಡಸಾಲೆ ಬೇಕಾಗಿತ್ತು. ಅದೇ ಹೊತ್ತಿಗೆ ಪ್ರವಾಸೋದ್ಯಮದ ಮಾತು ಎಲ್ಲರ ಬಾಯಲ್ಲಿ. ಬಾದಾಮಿಗೆ ಬಂದವರು ಇಲ್ಲಿಯ ಕೋಟೆಗೂ ಬರಲಿ ಎಂದು ರಸ್ತೆ ಅಗಲವಾಯಿತು, ಹೋಟೆಲ್ ಕಟ್ಟುವವರಿಗೆ ರಿಯಾಯಿತಿ ಸಿಕ್ಕಿತು. ನರಗುಂದದ ಅರಳೆ ವ್ಯಾಪಾರದ ಮನೆತನದ ಸಾವಕಾರನೊಬ್ಬ ಇಲ್ಲಿ ಹೋಟೆಲ್ ಎಬ್ಬಿಸಿದ. ಬಾಗಿಲಲ್ಲಿ ಇಡಲು ಹಳೆಯ ಮಗ್ಗವೊಂದು ಬೇಕೆಂದು ನಮ್ಮ ಮನೆಗೆ ಬಂದ. ಅಪ್ಪ ಹೂಂ ಅಂದ.

ಅತ್ತಿ ಸಾವಕಾರನ ಎದುರಿಗೇ ಬಂದು ನಿಂತಳು. "ಒಯ್ರಿ. ಹಣಿಗಿ ಮಾತ್ರ ಖಾಲಿ ಮಾಡಬ್ಯಾಡ್ರಿ. ಕುಣಿ ಇಲ್ದ ಇಟ್ರ ಅದು ಮಗ್ಗ ಅಲ್ರಿ, ಕಟ್ಟಿಗಿ."

ಸಾವಕಾರ ಒಳ್ಳೆಯ ಮನುಷ್ಯ. ಇಟ್ಟಿಗೆಯ ಕಟ್ಟೆ ಕಟ್ಟಿಸಿ, ಕಾಲು ಇಳಿಬಿಡಲು ಅದರಲ್ಲಿ ಕುಣಿ ಮಾಡಿಸಿದ. ಅತ್ತಿಗೂ ಒಂದು ಕೆಲಸ ಕೊಟ್ಟ. ಒಂದು ಹೊಸ ಹಾಸು ತರಿಸಿಕೊಡುತ್ತೇನೆ, ಪ್ರವಾಸಿಗರು ಬಂದಾಗ ಕೂತು ಕೆಚ್ಚಿ ತೋರಿಸು, ಸಂಜೆಗೆ ಕಡಿದುಬಿಡು, ಮರುದಿನ ಮತ್ತೆ ತೋರಿಸಬಹುದು ಅಂದ. ಅವನ ಲೆಕ್ಕದಲ್ಲಿ ಅದರಲ್ಲಿ ತಪ್ಪೇನೂ ಇರಲಿಲ್ಲ. ಹಾಸು ಮುಗಿದುಹೋದರೆ ನಾಳೆ ಬಂದವರಿಗೆ ತೋರಿಸುವುದೇನು?

ಅತ್ತಿ ಆಗಲಿ ಅಂದಳು. ಇಳಿವಯಸ್ಸಿನಲ್ಲಿ ಬೇರೆ ಏನು ಅನ್ನಬೇಕಿತ್ತು?

ದಿನಾ ಮುಂಜಾನೆ ಪಟ್ಟೇದಂಚಿನ ಸೀರೆ ಉಟ್ಟು ಹೋಗಿ ಕೂರುತ್ತಿದ್ದಳು. ಜನ ಫೋಟೋ ತೆಗೆಯುತ್ತಿದ್ದರು. ಒಬ್ಬ ಬಿಳಿಯ ಹೆಂಗಸು ಬೂದಿ ಮುಟ್ಟಿ ನೋಡಿ ಹಣೆಗೆ ಹಚ್ಚಿಕೊಂಡಳಂತೆ. ಅದನ್ನು ಅತ್ತಿ ವಾರಗಟ್ಟಲೆ ಹೇಳಿದಳು. ರಜೆಗೆ ನಾನು ಬಂದಾಗ, "ಸಂಜಿಗೆ ಕಡೀತಿ ಏನು ಅತ್ತಿ?" ಎಂದು ಕೇಳಿದೆ. ಸುತ್ತ ನೋಡಿ, ದನಿ ಇಳಿಸಿ ಹೇಳಿದಳು:

"ಒಂದೂ ಕಡದಿಲ್ಲ. ಇವತ್ತ ಇಷ್ಟು, ನಾಳೆ ಮುಂದಿನಷ್ಟು. ಅವರಿಗೇನ್ ಗೊತ್ತಾಗ್ತೈತಿ? ದಿನಾ ಬ್ಯಾರೆ ಮಂದಿ ಬರ್ತಾರ."

ಹಾಗೆಯೇ ಆಯಿತು. ಒಂದು ಹಂಗಾಮು ಮುಗಿಯುವುದರೊಳಗೆ ಇಡೀ ಹಾಸು ಹಳೆಯ ಗೇಣುದ್ದದ ಎಳೆಗಳಿಗೆ ಕೂಡಿಹೋಯಿತು. ಇನ್ನು ಲಾಳಿ ಒಗೆಯುವುದೊಂದೇ ಬಾಕಿ. ಅತ್ತಿಗೆ ನೇಯಲು ಬರುತ್ತಿರಲಿಲ್ಲ, ನಮ್ಮಲ್ಲಿ ಕೆಚ್ಚುವವರು ಬೇರೆ, ನೇಯುವವರು ಬೇರೆ. ಅವಳು ನಮ್ಮ ಮನೆಗೆ ಬಂದು, ಮೊಬೈಲ್ ಅಂಗಡಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಪ್ಪನ ಮುಂದೆ ನಿಂತಳು. ಮತ್ತೆ ರಜೆಗೆ ಬಂದಿದ್ದ ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ಅಣ್ಣಾ, ಹಾಸು ತಯಾರ ಐತಿ. ಬಂದು ನೇಯಿ."

"ಎಲ್ಲಿ?"

"ಹೊಟೆಲಿನ್ಯಾಗ."

ಅಪ್ಪ ಅಂದ: "ಬಂದವರ ಮುಂದ ಕುಂತು ನೇಯಾಕ ನಾ ಏನ್ ಆಟದಾಂವ ಏನ? ಉಡಾವ್ರಿಗೆ ನೇದೀನಿ ನಾ, ನೋಡಾವ್ರಿಗೆ ಅಲ್ಲ."

"ಉಡಾವ್ರು ಇಲ್ಲಲ್ಲೋ ಅಣ್ಣಾ. ನೋಡಾವ್ರರ ಅದಾರ."

ಅಪ್ಪ ಮೊಣಕಾಲು ನೀವಿಕೊಂಡ. "ದಸರಾ ಆಗ್ಲಿ, ನೋಡೂಣು" ಅಂದ. ಅತ್ತಿ ಒಳಗೆ ಬಂದು ನನ್ನ ಹತ್ತಿರ ಕೂತು, ಮೊರದಿಂದ ಒಂದು ಹರಳು ಆರಿಸಿ ಒಗೆದು, "ಬರ್ತಾನ. ಸಿಟ್ಟು ಆರಿದ್ರ ಬರ್ತಾನ" ಅಂದಳು. ಅವಳ ಮುಖದಲ್ಲಿ ಅಷ್ಟು ಸಂತೋಷ ಬಹಳ ವರ್ಷಗಳಿಂದ ನೋಡಿರಲಿಲ್ಲ.

ದಸರಾಕ್ಕೆ ಅವಳಿರಲಿಲ್ಲ. ಮಳೆಗಾಲದಲ್ಲಿ ಜ್ವರ ಹಿಡಿಯಿತು. ದವಾಖಾನೆಗೆ ಒಯ್ದರು, ತಿರುಗಿ ಬರಲಿಲ್ಲ. ಅದೇ ವಾರ ಹೊಳೆ ತುಂಬಿ ಕೊಣ್ಣೂರಿನ ಸೇತುವೆ ಮುಳುಗಿತ್ತು. ಬಿಜಾಪುರದ ಕಡೆಗೆ ಪರೀಕ್ಷೆಯ ಕೆಲಸಕ್ಕೆ ಹೋಗಿದ್ದ ನಾನು ಆಚೆಯ ದಂಡೆಯಲ್ಲಿ ಸಿಕ್ಕಿಕೊಂಡೆ. ಮಣ್ಣಿಗೆ ಬರಲಾಗಲಿಲ್ಲ... ಅವಳ ಸೊಂಟದ ಗಂಟನ್ನು ಅವ್ವ ಬಿಚ್ಚಿ ನೋಡಿ, ಮತ್ತೆ ಕಟ್ಟಿ, ಅವಳ ಜೊತೆಗೇ ಇಟ್ಟಳಂತೆ.

ಅಪ್ಪ ಆ ದಸರಾಕ್ಕೂ ಹೋಗಲಿಲ್ಲ, ಮುಂದಿನ ದಸರಾಕ್ಕೂ ಹೋಗಲಿಲ್ಲ. ಅವಳು ಸತ್ತ ಮೇಲೆ ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನಿಸಿತ್ತೇನೋ.

ಈಗ ಕಾಲ ಮತ್ತೆ ಹೊರಳಿದೆ. ದೊಡ್ಡ ಊರಿನ ಹೆಣ್ಣುಮಕ್ಕಳು ಪಟ್ಟೇದಂಚನ್ನು ಹುಡುಕಿಕೊಂಡು ಉಡುತ್ತಾರೆ. ನೆನೆದರೆ ಭಾರವಾಗುತ್ತದೆ ಎಂಬುದು ಅವರಿಗೆ ತೊಂದರೆಯಲ್ಲ, ಒಗೆಯುವವರು ಬೇರೆ ಇರುತ್ತಾರೆ. ಸರ್ಕಾರವೂ ಕುಣಿಮಗ್ಗಕ್ಕೆ ತರಬೇತಿ ಇಡುತ್ತಿದೆ. ಯಾವ ಕುಣಿ ಮುಚ್ಚಿದ್ದಕ್ಕೆ ಆಗ ಮಗ್ಗ ಕೊಟ್ಟರೋ, ಅದೇ ಕುಣಿ ತೋಡಿದ್ದಕ್ಕೆ ಈಗ ನೆರವು ಕೊಡುತ್ತಾರೆ. ತಮ್ಮ ಇದನ್ನು ಹೇಳಿ ನಗುತ್ತಾನೆ. ನೇಯಲು ಕಲಿಯುವ ನಾಲ್ಕಾರು ಜನ ಸಿಕ್ಕಿದ್ದಾರಂತೆ. ಕೆಚ್ಚುವವರು ಬೇಕೆಂದು ಓಣಿಯಲ್ಲಿ ಕೇಳಿಕೊಂಡು ಬಂದಿದ್ದರಂತೆ. ಯಾರನ್ನು ತೋರಿಸುವುದು? ತೊಲೆಗೆ ತೂಗಾಡುತ್ತಿದ್ದ ಗಂಟುಗಳು ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸುವಾಗ ಎಲ್ಲಿಗೆ ಹೋದವೋ ಯಾರಿಗೂ ನೆನಪಿಲ್ಲ. ಯಾರನ್ನೂ ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಮಾಡಿದವರೆಲ್ಲ ಆ ಹೊತ್ತಿಗೆ ಸರಿ ಕಂಡದ್ದನ್ನೇ ಮಾಡಿದರು, ಅದರಿಂದ ನಮ್ಮ ಹೊಟ್ಟೆಯೂ ತುಂಬಿತು. ಆದರೂ ಆ ಹಗ್ಗದ ಹತ್ತಿರ ನಿಂತಾಗ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಹಾಸು ಹಾಗೇ ಇತ್ತು. ಹಣಿಗೆಯ ಹಿಂದೆ, ಈ ಅಂಚಿನಿಂದ ಆ ಅಂಚಿನವರೆಗೆ, ಎಳೆಗಳ ಮೇಲೆ ಬೂದುಬಣ್ಣದ ಒಂದು ಗೆರೆ. ನೆಲ ಒರೆಸುತ್ತಿದ್ದ ಹೆಂಗಸು ನಾನು ಅದನ್ನೇ ನೋಡುತ್ತಿದ್ದದ್ದು ಕಂಡು ಹತ್ತಿರ ಬಂದಳು.

"ದಿನಾ ಒರಸ್ತೀನ್ರಿ ಅಕ್ಕಾರ. ಅದೊಂದು ಪಟ್ಟಿ ಧೂಳ ಮಾತ್ರ ಹೋಗವಲ್ದು."

"ಅದು ಧೂಳ ಅಲ್ಲ ಯವ್ವಾ, ಬೂದಿ. ಇನ್ನ ಮ್ಯಾಲ ಒರಸಬ್ಯಾಡ."

ಅವಳು ನನ್ನ ಮುಖ ನೋಡಿದಳು. ಆಗಲ್ರಿ ಅಂದು ಬಕೆಟ್ ಎತ್ತಿಕೊಂಡು ಹೋದಳು.

ಕಾರ್ಯ ಮುಗಿಸಿ ಮನೆಗೆ ಬಂದಾಗ ಅಪ್ಪ ಮಲಗಿದ್ದ. ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ನಿಶ್ಚಯಕ್ಕೆ ಬಂದಿರಲಿಲ್ಲ. ಬೀಗರು ಹೇಗಿದ್ದಾರೆ, ಊಟಕ್ಕೆ ಏನು ಮಾಡಿಸಿದ್ದರು, ಎಲ್ಲ ಕೇಳಿದ. ಹೋಟೆಲಿನ ಬಾಗಿಲಲ್ಲಿ ನಮ್ಮ ಮಗ್ಗ ನೋಡಿದೆ ಅಂದೆ. ಕಣ್ಣು ಮುಚ್ಚಿದ. ನಿದ್ದೆ ಹತ್ತಿತೇನೋ ಎಂದು ನಾನು ಎದ್ದು ಹೊರಟೆ.

"ಎಳಿ ಏನರ ಹರದಾವೇನು?" ಎಂದು ಹಿಂದಿನಿಂದ ಕೇಳಿದ.

"ಇಲ್ಲಪ್ಪಾ. ಒಂದೂ ಹರದಿಲ್ಲ."

ಅಪ್ಪ ಗೋಡೆಯ ಕಡೆ ಹೊರಳಿ, ಚಾದರವನ್ನು ಮುಖದ ಮೇಲೆ ಎಳೆದುಕೊಂಡ.